ಮೊದಲ ಹಂತದ ಸದ್ದು

ಹೆಡ್‌ಫೋನಿನಲ್ಲಿ ಸ್ಸ್ಸ್ ಅಂತ ಬರುತ್ತಲೇ ಇದೆ, ಕಾದ ಹಂಚಿನ ಮೇಲೆ ನೀರು ಚಿಮುಕಿಸಿದ ಹಾಗೆ, ಎಡಗಿವಿಯಲ್ಲಿ ಸ್ವಲ್ಪ ಜಾಸ್ತಿ — ಗೌಸ ನನ್ನ ಮುಖವನ್ನೇ ನೋಡುತ್ತಿದ್ದಾನೆ, ಮದುವೆಯಾಗಿ ಮೂವತ್ತೊಂದು ವರ್ಷವಾದ ಗಂಡ, ಕೈಯಲ್ಲಿ ಇನ್ನೂ ಸ್ಕ್ರೂಡ್ರೈವರ್, ರಹೀಮಾ, ಹೇಳ, ಹಿಸ್ ಐತೇನು, ನಾನು ಕಣ್ಣು ಮುಚ್ಚಿ, ಪೂರ್ತಿ ಕೇಳಿದವಳ ಹಾಗೆ ಸ್ವಲ್ಪ ಹೊತ್ತು ಬಿಟ್ಟು, ಇಲ್ಲರಿ, ಒಂಚೂರೂ ಇಲ್ಲ. ಅವನ ಹೆಗಲು ಸಡಿಲಾಗುತ್ತದೆ. ಮೂರು ವರ್ಷ ಈ ಪ್ರಿಆಂಪ್‌ಗೆ, ಮೈಕಿನ ಸಣ್ಣ ದನಿಯನ್ನು ಎತ್ತಿ ಕೊಡಬೇಕು, ತನ್ನದೊಂದು ಚೂರೂ ಸೇರಿಸಬಾರದು, ಮೊದಲ ಹಂತದಾಗ ಹೊಲಸು ಸೇರಿದ್ರ ಮುಂದ ಎಲ್ಲಾ ಕಡೆ ದೊಡ್ಡದಾಕ್ಕೊಂತ ಹೋಗ್ತೈತಿ, ಬಂದವರಿಗೆಲ್ಲ ಇದೇ ಪಾಠ ಹೇಳುತ್ತಾನೆ. ಒಂದು ವರ್ಷ ಗುಂಯ್ ಅನ್ನುತ್ತಿದ್ದದ್ದು ಹೋಗಿದ್ದು ನನ್ನಿಂದ, ಅರ್ತಿಂಗ್ ತಂತಿಗಳನ್ನೆಲ್ಲ ಒಂದೇ ಸ್ಕ್ರೂಗೆ ತಂದು ಕಟ್ಟಿದವಳು ನಾನು, ನಮ್ಮೂರು ಅಂಬೇವಾಡಿಗೆಲ್ಲ ಅವನು ಹೇಳಿಕೊಂಡದ್ದು ನಾ ಮಾಡೇನಿ ಅಂತ, ಹೇಳಿಕೊಳ್ಳಲಿ, ನನ್ನ ಈ ಸುಳ್ಳು ಅದಕ್ಕಲ್ಲ.

ಅದಕ್ಕಲ್ಲ. ಮೈಕು ಹಚ್ಚಿ ಸದ್ದಿನ ಅಳತೆ ತೆಗೆಯುವಾಗ ಬಳೆ ತೆಗೆದಿಡು, ಕೆಮ್ಮಬ್ಯಾಡ, ಮೇ ತಿಂಗಳಲ್ಲಿ ಫ್ಯಾನ್ ಬಂದ್, ಅದನ್ನೂ ಸಹಿಸಿಕೊಂಡಿದ್ದೆ, ಆದರೆ ಒಂದು ದಿನ ನನ್ನ ಮೊಬೈಲಿನಿಂದ ಟಿಟ್ ಟಿಟ್ ಅಂತ ಬರುತ್ತದೆ ಅಂತ ಅದನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮುಚ್ಚಿ ಅಕ್ಕಿಯೊಳಗೆ ಹೂಳಿಟ್ಟ, ಸಂಜೆ ತೆಗೆದರೆ ಹತ್ತೊಂಬತ್ತು ಕರೆ ಬಂದಿದ್ದವೆಂಬ ಮೆಸೇಜು, ಎಲ್ಲಾ ಮುಂಡಗೋಡದಿಂದ, ತಂಗಿ ಶಬನಮಳವು, ತಿರುಗಿ ಫೋನ್ ಹಚ್ಚಿದೆ. ಆಪಾ, ಅಮ್ಮಿ ಬೆಳಿಗ್ಗಿಂದ ನಿನ್ನ ಹೆಸರು ತಗೀತಿದ್ಲು, ಮೂರಕ್ಕ ಹೋದ್ಲು. ನಾನು ಗೋಡೆಗೆ ಹಣೆ ಹಚ್ಚಿ ನಿಂತಿದ್ದೇನೆ, ಗೌಸ ಬಂದು ಹೆಗಲ ಮೇಲೆ ಕೈಯಿಟ್ಟ, ಇಟ್ಟ, ಅದು ನಿಜ, ಆಮೇಲೆ ಅಂದ, ಇನ್ನ ಒಂದ ಅಳತಿ ಉಳದೈತಿ, ಅದನ್ನ ತಗೊಂಡ ಹೋಗೂಣು, ಅಷ್ಟೊತ್ತು ಅಳಬ್ಯಾಡ, ಮೈಕಿನ್ಯಾಗ ಬರ್ತೈತಿ. ನಾನು ಅಳಲಿಲ್ಲ. ಮುಂಡಗೋಡ ಮುಟ್ಟುವಷ್ಟರಲ್ಲಿ ಅಮ್ಮಿಯ ಮಣ್ಣಾಗಿತ್ತು.

ಕುಕ್ಕರ್ ಏನೋ ಇತ್ತೀಚೆಗೆ ಸೀಟಿ ಹೊಡಿಯಂಗಿಲ್ಲಲ್ಲ, ಕೆಟ್ಟೈತೇನು ಅಂತ ಅವನು ಕೇಳಿದ್ದು ಈ ಮಳೆಗಾಲದಲ್ಲಿ, ಕುಕ್ಕರ್ ಆಗಷ್ಟೇ ನಾಲ್ಕನೇ ಸಲ ಕೂಗಿ ನಿಂತಿತ್ತು. ಇಪ್ಪತ್ತಾರು ವರ್ಷ ಮಿಲ್ಲಿನ ಮಷೀನಿನ ಪಕ್ಕ ನಿಂತ ಕಿವಿ, ಮಾತು ಕೇಳಿಸುತ್ತದೆ, ಗುಂಯ್ ಕೇಳಿಸುತ್ತದೆ, ತೆಳ್ಳಗಿನ ಸದ್ದು ಯಾವುದೂ ಇಲ್ಲ, ಅವನಿಗೇ ಗೊತ್ತಿಲ್ಲ, ನನಗೆ ಮಾತ್ರ ಗೊತ್ತು, ಆ ಗೊತ್ತನ್ನು ನಾನು ಎಷ್ಟು ದಿನ ಬಾಯಲ್ಲಿ ಕಲ್ಲುಸಕ್ಕರೆಯ ಹಾಗೆ ಇಟ್ಟುಕೊಂಡು ಅಡ್ಡಾಡಿದೆ! ಹೋದ ಶುಕ್ರವಾರ ಅವನು ನಮಾಜಿಗೆ ಹೋದಾಗ ತಗಡಿನ ಮುಚ್ಚಳ ಬಿಚ್ಚಿ, ಮೊದಲ ಟ್ರಾನ್ಸಿಸ್ಟರಿನ ಮುಂದಿದ್ದ ನೂರು ಓಮ್ ರೆಸಿಸ್ಟರ್ ಕಿತ್ತು, ಹಳೇ ರೇಡಿಯೊದಿಂದ ತೆಗೆದ ಹತ್ತು ಸಾವಿರದ್ದು ಬೆಸೆದೆ, ಕಂದು ಕಪ್ಪು ಕಿತ್ತಳೆ ಪಟ್ಟಿಯದು, ಹತ್ತು ನಿಮಿಷದ ಕೆಲಸ. ಹಾಕಿದ ಕ್ಷಣಕ್ಕೆ ಹಿಸ್ ಎದ್ದಿತು. ಅವನು ಬಂದ, ಹೆಡ್‌ಫೋನ್ ಹಚ್ಚಿಕೊಂಡ, ಕೇಳಿದ, ನಕ್ಕ.

ಬಾಗಿಲಲ್ಲಿ ಬೈಕು, ವಿಲ್ಸನ್ ಬಂದ, ಅಣಶಿ ಕಡೆಯ ಸಿದ್ದಿ ಹುಡುಗ, ಅಜ್ಜಿಯ ಹಾಡು ಹಿಡಿದಿಡಬೇಕಂತೆ, ಅವಳ ದನಿ ಈಗ ಪಿಸುಮಾತಿನಷ್ಟೇ ಉಳಿದಿದೆಯಂತೆ, ಅದಕ್ಕೇ ಈ ಡಬ್ಬಿ ಮಾಡಿಸಿದ್ದು — ಪಾಪ ಅನ್ನಿಸಿತು, ಅನ್ನಿಸಲಿ, ನನ್ನ ಅಮ್ಮಿಯ ಕೊನೆಯ ದನಿ ನನಗೆ ಸಿಕ್ಕಿತೇನು. ಅವನು ಹೆಡ್‌ಫೋನ್ ಹಾಕಿಕೊಂಡು ಮೈಕಿನಲ್ಲಿ ಅಜ್ಜಿಯಷ್ಟೇ ಮೆಲ್ಲಗೆ ಕೊಂಕಣಿಯಲ್ಲಿ ಏನೋ ಹಾಡಿದ, ನಿಲ್ಲಿಸಿದ, ಹುಬ್ಬು ಗಂಟು ಹಾಕಿದ. ಈಗ. ಎಷ್ಟು ತಿಂಗಳಿಂದ ಕಾದ ಈಗ. ಗೌಸಭಾಯ್, ಹಿಸ್ ಭಾಳ ಬರಾಕತ್ತೈತಿ, ದನಿಗಿಂತ ಅದ ಜಾಸ್ತಿ. ಇನ್ನು ಗೌಸ ನನ್ನ ಕಡೆ ತಿರುಗಬೇಕು, ನಾನು ಅನ್ನಬೇಕು, ಮೊದಲಿಂದನೂ ಐತಿ, ನಿಮಗ ಕೇಳಂಗಿಲ್ಲ, ನೀವು ಕಿವುಡ ಆಗೀರಿ. ಬಾಯಲ್ಲಿ ಎಷ್ಟು ಸಲ ಉರುಹೊಡೆದಿದ್ದೆ ಅದನ್ನು.

ಅವನು ತಿರುಗಲಿಲ್ಲ. ಸಿಟ್ಟಿಗೆದ್ದು ವಿಲ್ಸನ್‌ಗೇ ಅಂದ, ತಮ್ಮಾ, ನಿನ್ನ ಕಿವಿ ತೋರಿಸ್ಕೊ, ಈ ಮನ್ಯಾಗ ಕಿವಿ ಅಂದ್ರ ಇಕಿದು, ನನ್ನ ಕಿವಿ ಮ್ಯಾಲೆ ನನಗ ಭರೋಸಾ ಇಲ್ಲ, ಇಕಿ ಇಲ್ಲ ಅಂದ್ರ ಇಲ್ಲ. ವಿಲ್ಸನ್ ನನ್ನನ್ನು ನೋಡಿದ, ಭಾಭಿ, ನೀವರ ಹೇಳ್ರಿ. ತನ್ನ ಕಿವಿಯ ಮೇಲೆ ಭರೋಸಾ ಇಲ್ಲ ಅಂದನಲ್ಲ, ಹಾಗಾದರೆ ಅವನಿಗೆ ಗೊತ್ತು, ಎಂದಿನಿಂದ ಗೊತ್ತು, ಗೊತ್ತಿದ್ದೇ ನನ್ನ ಮುಖ ನೋಡುತ್ತಿದ್ದ, ಹೇಳಿಬಿಡು, ಹೇಳು, ನಾಲಿಗೆಯ ಮೇಲೇ ಇದೆ — ಇಲ್ಲರಿ, ನನಗೇನೂ ಕೇಳವಲ್ದು. ವಿಲ್ಸನ್ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ, ಬ್ಯಾರೆ ಕಡೆ ನೋಡ್ತೇನಿ ಭಾಯ್, ಬೈಕು ಹೋಯಿತು. ಹೋದ್ರ ಹೋಗವಲ್ದ್ಯಾಕ, ಅನ್ನುತ್ತ ಗೌಸ ಕುರ್ಚಿಯಲ್ಲಿ ಕೂತು ಹೆಡ್‌ಫೋನ್ ಹಾಕಿಕೊಳ್ಳುತ್ತಾನೆ, ಗುಂಡಿ ಪೂರ್ತಿ ತಿರುಗಿಸುತ್ತಾನೆ, ಸದ್ದು ಅವನ ಕಿವಿಯಿಂದ ಹೊರಗೆ ಸೋರಿ ಬಾಗಿಲಲ್ಲಿ ನಿಂತ ನನ್ನ ತನಕ ಬರುತ್ತಿದೆ, ಅವನು ಕಣ್ಣು ಮುಚ್ಚಿ ನಗುತ್ತಾನೆ, ಎಷ್ಟ ಶಾಂತ ಐತಿ ನೋಡ ರಹೀಮಾ, ಈಗ ಹೇಳಿದರೆ — ಈಗ ಹೇಳದಿದ್ದರೆ — ಕಣ್ಣು ಮುಚ್ಚಿ ನಗುತ್ತಿದ್ದಾನೆ, ಸದ್ದು ಹರಿಯುತ್ತಿದೆ, ಕಣ್ಣು ಮುಚ್ಚಿ, ನಗುತ್ತಿದ್ದಾನೆ