ಕೆರೆಯ ಕೆಳಗಿನ ಗುಂಡಿ

ಅಪ್ಪನ ಹೆಣದ ಹೆಬ್ಬೆರಳುಗಳಿಗೆ ದಾರ ಬಿಗಿಯುತ್ತಿದ್ದ ಪಿಳ್ಳಮ್ಮನ ಕೈ ಅಲ್ಲೇ ನಿಂತಿತು. ಗುಂಡಿ ತೋಡಲು ಹೋಗಿದ್ದ ವೆಂಕಟಪ್ಪ ಗುದ್ದಲಿ ಸಮೇತ ಓಡಿಬಂದಿದ್ದ.

“ಎರಡಡಿ ತೋಡೋ ಅಷ್ಟರಲ್ಲಿ ನೀರು ಉಕ್ತಾ ಐತೆ ಕಣಕ್ಕ.”

“ತಿಳಿಯಾಗೈತಾ, ಕೆಂಪಗೈತಾ?”

“ನಾನೇನು ಕುಡಿದು ನೋಡಿದ್ನಾ?”

ಅವಳ ಅಪ್ಪ ಲಕ್ಷ್ಮಯ್ಯ ಮೂವತ್ತೆರಡು ವರ್ಷ ಊರ ಕೆರೆಯ ನೀರುಗಂಟಿ. ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಅವನ ಕೆಲಸ. ಏರಿಯ ಕೆಳಗಿನ ತನ್ನ ಹೊಲದಲ್ಲೇ ಹೂಳಬೇಕೆಂದು ಮಗಳಿಂದ ಮಾತು ತೆಗೆದುಕೊಂಡು ಸತ್ತಿದ್ದ. ಮೂರು ದಿನದಿಂದ ಮಳೆ. ಎರಡನೇ ಬೆಳೆಯ ಆಸೆಗೆ ಊರವರು, ಅವನು ಬೇಡವೆಂದರೂ, ಕೋಡಿಗೆ ಮರಳಿನ ಮೂಟೆ ಪೇರಿಸಿದ್ದರು. ಹೆಚ್ಚಿನ ನೀರು ಹೊರಹೋಗಲು ದಾರಿಯಿರಲಿಲ್ಲ.

ಪಿಳ್ಳಮ್ಮ ಹೊಲದ ಕಡೆ ಓಡಿದಳು.

*

ಆಗ ಅವಳಿಗೆ ಹತ್ತು ವರ್ಷ. ಏರಿಯ ಬುಡದಲ್ಲಿ ಜಿನುಗುತ್ತಿದ್ದ ನೀರನ್ನು ಅಪ್ಪ ಬೊಗಸೆಯಲ್ಲಿ ಹಿಡಿದು ತೋರಿಸಿದ್ದ.

“ತಿಳಿಯಾಗಿದ್ರೆ ಕೆರೆ ಬೆವರ್ತಾ ಐತೆ ಅಂತ. ಮಣ್ಣು ಬಂದ್ರೆ ಏರಿ ಒಳಗೇ ಕರಗ್ತಾ ಐತೆ. ಆಗ ಯಾರನ್ನೂ ಕೇಳ್ಬ್ಯಾಡ, ತೂಬು ಎತ್ತು.”

*

ಪಿಳ್ಳಮ್ಮ ಗುಂಡಿಯಿಂದ ಎತ್ತಿದ ಬೊಗಸೆ ನೀರು ಕೆಂಪಗಿತ್ತು.

“ಕೋಡಿ ಮೂಟೆ ಕೀಳ್ರೋ! ನಾನು ತೂಬು ಎತ್ತುತೀನಿ.”

ಊರ ಯಜಮಾನ ಚಿಕ್ಕಬೈರಪ್ಪ ಕೊಡೆ ಹಿಡಿದು ಅಡ್ಡ ನಿಂತ. “ಸೂತಕದೋಳು ತೂಬು ಮುಟ್ಟಿದ್ರೆ ಗಂಗಮ್ಮ ಮುನೀತಾಳೆ. ಆನೇಕಲ್‌ಗೆ ಆಳು ಕಳಿಸಿವ್ನಿ, ಇಂಜಿನಿಯರ್ ಬರ್ಲಿ.”

“ಅವ್ರು ಬರೋಗಂಟ ಏರಿ ಕಾಯ್ತದಾ ಗೌಡ್ರೆ? ಕೆಳಗಡೆ ಕಾರ್ಖಾನೆಯೋರ ಬಾಡಿಗೆ ಮನೆ ಸೇರಿ ಅರವತ್ತು ಮನೆ ಅವೆ.”

“ನೀರು ಬಿಟ್ರೆ ನಿಮ್ಮಪ್ಪನ ಗುಂಡೀನೇ ಕೊಚ್ಕೊಂಡೋಯ್ತದೆ. ಹೆಣ ಎಲ್ಲಿ ಮಡಗ್ತೀಯ?”

ಪಿಳ್ಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಏರಿ ಹತ್ತುವಾಗ ಸೋದರತ್ತೆ ರಾಮಕ್ಕ ತೋಳು ಹಿಡಿದಳು. “ಬ್ಯಾಡ ಕಣೆ, ನಿಮ್ಮಪ್ಪನಿಗೆ ಮಾತು ಕೊಟ್ಟಿದ್ದೀಯ.”

“ಬಿಡತ್ತೆ. ನೀನು ಮನೆಗಳೋರ್ನೆಲ್ಲ ದಿನ್ನೆಗೆ ಹತ್ತಿಸು. ಅಪ್ಪನ್ನೂ.”

ಪಿಳ್ಳಮ್ಮ ಕೆರೆಗೆ ಧುಮುಕಿ, ಈಜಿ ತೂಬಿನ ಕಲ್ಲುಕಂಬ ಹಿಡಿದಳು. ತೂಬಿನ ಬಾಯಿ ಮುಚ್ಚಿ ಹೂಳಿನಲ್ಲಿ ಕಚ್ಚಿಕೊಂಡಿದ್ದ ಮರದ ಗಳು ಮೊದಲ ಸಲ ಅಲುಗಲಿಲ್ಲ. ಎರಡನೆಯ ಸಲವೂ ಇಲ್ಲ. ಕಲ್ಲಿಗೆ ಎರಡೂ ಕಾಲು ಒತ್ತುಕೊಟ್ಟು, ಎಡಕ್ಕೆ ತಿರುಚಿ ಎಳೆದಳು. ಕಾಲಡಿ ನೀರು ಗುಡುಗಿತು. ಏರಿಯಾಚೆಯಿಂದ ವೆಂಕಟಪ್ಪ ಕೂಗಿದ: “ಕಾಲುವೆ ಒಡೀತು! ಗುಂಡಿ ಓಯ್ತು ಕಣಕ್ಕ!”

ಅವಳು ಗಳು ಮತ್ತೆ ಇಳಿಯದಂತೆ ಗೂಟ ಜಡಿದು ತಲೆಯೆತ್ತಿದಳು. ಕೋಡಿಯಲ್ಲಿ ಗಂಡಸರು ಸೊಂಟದುದ್ದ ನೀರಿನಲ್ಲಿ ನಿಂತು ಮೂಟೆ ಕೀಳುತ್ತಿದ್ದರು. ಹೆಂಗಸರು ಮಕ್ಕಳನ್ನು, ಮೇಕೆಗಳನ್ನು ದಿನ್ನೆಗೆ ಹತ್ತಿಸುತ್ತಿದ್ದರು. ದಿನ್ನೆಯ ನೆತ್ತಿಯಲ್ಲಿ, ಬರೀ ಬಂಡೆಯ ಮೇಲೆ ಅಪ್ಪನ ಚಟ್ಟ. ಅದರ ಬಳಿ ಉಳಿದಿದ್ದವನು ಚಿಕ್ಕಬೈರಪ್ಪ ಒಬ್ಬನೇ. ಕೊಡೆಯನ್ನು ಹೆಣದ ಮುಖಕ್ಕೆ ಹಿಡಿದು, ತಾನು ತೊಯ್ಯುತ್ತಾ ನಿಂತಿದ್ದ.