ಕೆನ್ನೆ ತಾಗಿದ ಜಾಗ

ಮೊದಲೇ ಕ್ಷಮೆ ಕೇಳುತ್ತೇನೆ. ಇದು ನನ್ನ ಮನೆಯ ಜಗಳವಲ್ಲ, ಬೇರೆ ಯಾರೋ ಅಣ್ಣತಂಗಿಯರ ವಿಷಯ. ಬರೆಯುವ ಹಕ್ಕು ನನಗಿದೆಯೇ ಎಂದು ಬಹಳ ಯೋಚಿಸಿದೆ. ಸಂಜೆ ತರಗತಿಯಲ್ಲಿ ಓದಿದವಳು ನಾನು. ಎಲ್ಲಾದರೂ ವಾಕ್ಯ ಎಡವಿದ್ದರೆ ತಿದ್ದಿಕೊಂಡು ಓದಬೇಕು. ಸಿಟ್ಟು ಇಳಿದ ಮೇಲೆ ಬರೆಯೋಣ ಎಂದು ಕಾದೆ. ಅದು ಇಳಿಯಲಿಲ್ಲ.

ನನ್ನ ಸೋದರಮಾವನದು ಹಳೆಯ ಸಾಮಾನಿನ ಅಂಗಡಿ. ಕೊಳ್ಳುವುದು, ಮಾರುವುದು ಮಾವನ ಪಾಲು. ಮರದ ವಸ್ತುಗಳಿಗೆ ಬೆಲೆ ಕಟ್ಟುವುದು ನನ್ನ ಕೆಲಸ. ಫೋನ್ ಮಾಡಿದವರಿಗೆಲ್ಲ ಮಾವ ಹೇಳುವುದು ಒಂದೇ ಮಾತು: ಚೆನ್ನಾಗಿ ತಿಕ್ಕಿ, ಫಳಫಳ ಹೊಳೆಯುವ ಹಾಗೆ ಮಾಡಿ ತನ್ನಿ, ಕೊಳೆ ಇದ್ದರೆ ಬೆಲೆ ಬರುವುದಿಲ್ಲ. ಹಿತ್ತಾಳೆಯ ಹೂದಾನಿಗೂ ಅದೇ, ಮೇಜಿಗೂ ಅದೇ. ಮರಕ್ಕೆ ಮಾತ್ರ ಹಾಗೆ ಹೇಳಬೇಡ ಎಂದು ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿತ್ತು. ಹೂಂ ಹೂಂ ಎನ್ನುತ್ತಾನೆ, ಮುಂದಿನ ಫೋನಿಗೆ ಮತ್ತೆ ಅದೇ ರಾಗ.

ಒಂದು ಮಧ್ಯಾಹ್ನ ಬಸ್ ಡ್ರೈವರ್ ಒಬ್ಬ ಫೋನ್ ಮಾಡಿದ. ಅವನ ಅಪ್ಪ, ಸೇನೆಯವರು ಬಳಸಿ ಬಿಟ್ಟ ಹಳೆಯ ರೈಫಲ್ಲೊಂದನ್ನು ಲೈಸೆನ್ಸ್ ಮಾಡಿಸಿ ಇಟ್ಟುಕೊಂಡಿದ್ದರಂತೆ. ಲೈಸೆನ್ಸ್ ಮುಗಿದಾಗ ನಳಿಗೆ, ಕುದುರೆ, ಗುಂಡು ಹಾರಿಸುವ ಭಾಗಗಳೆಲ್ಲ ಪೊಲೀಸ್ ಠಾಣೆಗೆ ಹೋದವು. ಉಳಿದದ್ದು ಮರದ ಹಿಡಿ, ಅಂದರೆ ನಳಿಗೆಯನ್ನು ಹೊತ್ತು ಹೆಗಲಿನವರೆಗೆ ಬರುವ ಉದ್ದನೆಯ ಭಾಗ. ಅದಕ್ಕೆ ಬೆಲೆ ಕಟ್ಟಿಸಬೇಕಿತ್ತು. ಮಾವ ತನ್ನ ಪಾಠ ಶುರು ಮಾಡಿದ. ನಾನು ಎದ್ದು ನಿಂತು ಬೇಡ ಬೇಡ ಎಂದು ಕೈಯಾಡಿಸಿದೆ. ಅವನು ಗೋಡೆಯ ಕಡೆ ತಿರುಗಿ ಪೂರ್ತಿ ಒಪ್ಪಿಸಿ ಫೋನ್ ಇಟ್ಟ.

ಮುಂದಿನ ವಾರ ಡ್ರೈವರ್ ಬಂದ, ಜೊತೆಗೆ ಅವನ ತಂಗಿ. ಆಕೆ ನರ್ಸ್; ಡ್ಯೂಟಿ ಮುಗಿಸಿ ನೇರ ಬಂದಿದ್ದಳು, ಬೆರಳುಗಳಿಂದ ಇನ್ನೂ ಔಷಧಿಯ ವಾಸನೆ ಬರುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಸಾಮಾನು ಹಂಚಿಕೊಳ್ಳುವಾಗ ಆಕೆ ಕೇಳಿದ್ದು ಇದೊಂದನ್ನೇ. ನಾಳೆ ಯಾರಿಗೂ ಮೋಸವಾಯಿತು ಅನ್ನಿಸಬಾರದು, ಬೆಲೆ ಗೊತ್ತಿರಲಿ ಎಂದಿದ್ದವನು ಅಣ್ಣ. ಅಣ್ಣ ಹೊದಿಕೆಯಲ್ಲಿ ಸುತ್ತಿ ತಂದಿದ್ದ ಗಂಟು ಬಿಚ್ಚುವ ಮೊದಲೇ ಆಕೆ ನನಗೆ ಹೇಳಿದಳು: ಅಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು ಅಗಸೆ ಎಣ್ಣೆ ಉಜ್ಜುತ್ತಿದ್ದರು. ಗುರಿ ಹಿಡಿಯುವಾಗ ಅವರ ಕೆನ್ನೆ ತಾಗುತ್ತಿದ್ದ ಕಡೆ ಮರ ಕಪ್ಪಗಾಗಿತ್ತು. ಅಲ್ಲಿ ಅವಳಿಗೂ ಕೆನ್ನೆ ಇಡಲು ಬಿಡುತ್ತಿದ್ದರು.

ಡ್ರೈವರ್ ಹೊದಿಕೆ ಸರಿಸಿದ. ಮರ ಹೊಸ ಮಂಚದ ಕಾಲಿನ ಹಾಗೆ ಹಳದಿಯಾಗಿ ಹೊಳೆಯುತ್ತಿತ್ತು. ಉಪ್ಪು ಕಾಗದದಲ್ಲಿ ಉಜ್ಜಿ, ಮೇಲೆ ವಾರ್ನಿಶ್ ಬಳಿದಿದ್ದ.

ತಂಗಿ ಅಂಗೈಯನ್ನು ಉದ್ದಕ್ಕೂ ಸವರಿದಳು. ಮಗ್ಗುಲು ತಿರುಗಿಸಿ ನೋಡಿದಳು.

"ಅಪ್ಪನ ಕೆನ್ನೆ ಎಲ್ಲಿ?"

ಅವನಿಗೆ ಅರ್ಥವಾಗಲಿಲ್ಲವೋ ಏನೋ, ನಕ್ಕ. "ಎಷ್ಟು ಚೆನ್ನಾಗಿ ಬಂದಿದೆ ನೋಡು. ನನ್ನ ರಜೆ ಎಲ್ಲಾ ಇದಕ್ಕೇ ಹೋಯ್ತು."

ನನ್ನ ಕೆಲಸ ನಾನು ಮಾಡಲೇಬೇಕಿತ್ತು. ಹಿಂತುದಿಯ ಕಬ್ಬಿಣದ ತಟ್ಟೆಯ ತಿರುಪು ಬಿಚ್ಚಿದೆ. ಅದರ ಅಡಿಯಲ್ಲಿ, ಉಪ್ಪು ಕಾಗದ ತಲುಪದ ಕಡೆ, ಮರ ಇನ್ನೂ ಕಾಫಿಬೀಜದ ಬಣ್ಣದಲ್ಲಿತ್ತು. ಅಕ್ರೋಟು ಮರ, ಅಸಲಿ. ಪಕ್ಕದಲ್ಲಿ ಸೇನೆಯವರು ಒತ್ತಿದ್ದ ಮುದ್ರೆಗಳಲ್ಲಿ ಒಂದರ ಅರ್ಧ ಮಾತ್ರ ಮಸುಕಾಗಿ ಉಳಿದಿತ್ತು. ಕೊಳ್ಳುವವರು ಬೆಲೆ ಕೊಡುವುದು ಆ ಮುದ್ರೆಗೆ, ಆ ಎಣ್ಣೆಗೆ, ಆ ಗಾಯಗಳಿಗೆ. ಉಜ್ಜುವ ಮೊದಲು ಇದು ಬಹಳ ಬೆಲೆಬಾಳುತ್ತಿತ್ತು, ಈಗ ಬರೀ ಮರದ ತುಂಡಿನ ಬೆಲೆ ಎಂದೆ.

ಡ್ರೈವರ್ ಮಾವನ ಕಡೆ ತಿರುಗಿದ. ತಿಕ್ಕಿ ತರೋಕೆ ಹೇಳಿದ್ದು ನೀವೇ ತಾನೆ ಎಂದು ಕೇಳಿದ.

"ಒರೆಸಿ ಅಂದೆ ಕಣಪ್ಪಾ. ಮುಖ ತೊಳ್ಕೊಂಡು ಬಾ ಅಂದ್ರೆ ಚರ್ಮ ಸುಲ್ಕೊಂಡು ಬಂದ್ರೆ ನಾನೇನು ಮಾಡ್ಲಿ?" ಎಂದ ಮಾವ.

ನನಗೆ ಮೈಯೆಲ್ಲ ಉರಿಯಿತು. "ನೀನು ಒರೆಸಿ ಅನ್ನಲಿಲ್ಲ ಮಾವ. ತಿಕ್ಕಿ ಅಂದೆ, ಫಳಫಳ ಹೊಳೀಬೇಕು ಅಂದೆ. ನಾನು ಇಲ್ಲೇ ಇದ್ದೆ."

"ಅನ್ನ ಹಾಕೋನು ನಾನು, ಸಾಕ್ಷಿ ಹೇಳೋದು ಅವರಿಗಾ?"

ಹೌದು ಎಂದೆ. ಮುಂದೆ ಇನ್ನೂ ಏನೇನೋ ಅಂದೆ; ಎಷ್ಟೋ ವರ್ಷದಿಂದ ಹೀಗೆ ಹಾಳಾದ ಮೇಜು, ಪೆಟ್ಟಿಗೆಗಳನ್ನೆಲ್ಲ ಅವನ ಮುಖಕ್ಕೆ ಎಸೆದ ಹಾಗೆ ಹೇಳಿದೆ. ಆದರೆ ನರ್ಸ್ ನಮ್ಮಿಬ್ಬರನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳ ಹೆಬ್ಬೆರಳು ಕೆನ್ನೆಯ ಜಾಗದಲ್ಲಿ ನಿಂತಿತ್ತು. ಉಳಿದ ಕಡೆ ಮರ ಸಮವಾಗಿತ್ತು. ಅಲ್ಲಿ ಮಾತ್ರ ಹೆಬ್ಬೆರಳು ಕೂರುವಷ್ಟು ತಗ್ಗು.

ಇಲ್ಲಿ ಮಾತ್ರ ಯಾಕೆ ಹೀಗೆ ಎಂದು ಅಣ್ಣನನ್ನು ಕೇಳಿದಳು.

"ಕಪ್ಪು ಹೋಗ್ತಾನೇ ಇರ್ಲಿಲ್ಲ, ಉಜ್ಜಿದೆ." ಅವನೇ ಮುಂದುವರಿಸಿದ. "ನಿನಗಾದ್ರೆ ಅಲ್ಲಿ ಕೆನ್ನೆ ಇಡೋಕೆ ಬಿಡ್ತಿದ್ರು. ನಾನು ಮುಟ್ಟಿದ್ರೆ ಕೈಮೇಲೆ ಏಟು ಬೀಳ್ತಿತ್ತು. ಅಲ್ಲಿ ಏನಿತ್ತು ಅಂತ ನಂಗೇನು ಗೊತ್ತು?"

ಅವಳು ನನ್ನ ಕಡೆ ತಿರುಗಿದಳು. "ನೀವು ಮರ ನೋಡಿ ಹೇಳೋರು ಅಲ್ವಾ? ಹೇಳಿ. ತಿಳೀದೆ ಮಾಡಿದ್ದಾ, ಬೇಕಂತಲೇ ಮಾಡಿದ್ದಾ?"

ಭೂತಗನ್ನಡಿ ಹಿಡಿದು ನೋಡಿದೆ. ಬೇರೆ ಕಡೆ ಗೀರುಗಳು ಮರದ ಎಳೆಯ ಗುಂಟ ಇದ್ದವು. ಅಲ್ಲಿ ಸುತ್ತಿ ಸುತ್ತಿ ಉಜ್ಜಿದ ಗುರುತು. ಬೆವರು, ಎಣ್ಣೆ ಮರದೊಳಕ್ಕೆ ಆಳವಾಗಿ ಇಳಿದಿರುತ್ತವೆ. ಮನಸ್ಸಿಟ್ಟು ಸ್ವಚ್ಛ ಮಾಡುವವನೂ ಅಷ್ಟು ಉಜ್ಜಬೇಕು. ಹಲ್ಲು ಕಚ್ಚಿ ಅಳಿಸುವವನೂ ಅಷ್ಟೇ ಉಜ್ಜುತ್ತಾನೆ.

"ಎರಡರಲ್ಲಿ ಯಾವುದಾದ್ರೂ ಹೀಗೇ ಆಗುತ್ತೆ," ಎಂದೆ.

"ಹಾಗಾದ್ರೆ ನಿಮ್ಮಿಂದ ಏನು ಪ್ರಯೋಜನ?"

ಆಕೆ ಮರವನ್ನು ಅಣ್ಣನ ಕಡೆ ತಳ್ಳಿದಳು. "ಇದು ನೀನು ಮಾಡಿದ್ದು. ನೀನೇ ಇಟ್ಕೋ." ಬಾಗಿಲು ತೆರೆದೇ ಬಿಟ್ಟು ಹೋದಳು. ಅವನು ಹೊದಿಕೆ ಸುತ್ತಲು ಹೋದ. ವಾರ್ನಿಶ್ ಮೇಲೆ ಬಟ್ಟೆ ನಿಲ್ಲದೆ ಜಾರುತ್ತಿತ್ತು. ಕೊನೆಗೆ ಮಗುವನ್ನು ಎತ್ತಿಕೊಳ್ಳುವ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು, ಅವಳು ಹೋದ ದಿಕ್ಕಿಗೇ ಬೇಗ ಬೇಗ ನಡೆದ.

ಮಾವನ ಅಂಗಡಿಗೆ ನಾನು ಮತ್ತೆ ಹೋಗಿಲ್ಲ. ಅವನ ಮೇಲಿನ ಸಿಟ್ಟಿಗೆ ಕಾರಣ ನನಗೆ ಸ್ಪಷ್ಟವಾಗಿದೆ. ಆದರೆ ಆ ಡ್ರೈವರ್ ಮೇಲೆ ಸಿಟ್ಟಾಗಬೇಕೋ ಬೇಡವೋ ಎಂಬುದು ತಿಳಿಯುತ್ತಿಲ್ಲ. ಅವನು ತಂಗಿಯನ್ನು ರಸ್ತೆಯಲ್ಲಿ ಹಿಡಿದನೋ ಇಲ್ಲವೋ ಗೊತ್ತಿಲ್ಲ. ಆ ತಗ್ಗನ್ನು ಉಜ್ಜುವಾಗ ಅವನ ಮನಸ್ಸಿನಲ್ಲಿ ಏನಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.