ಟಾಪ್ ಗೇರಿನ ಗಾಡಿ

"ಕಿಟಕಿ ಮುಚ್ಚಬೇ. ಗಾಳಿ ಹೊಕ್ಕರ ಗಾಡಿ ಜಗ್ಗಂಗಿಲ್ಲ, ಎಣ್ಣಿ ಕುಡಿತೈತಿ" ಎಂದ ಪಂಪಾಪತಿ, ಹಿಂದೆ ತಿರುಗದೆ.

ನಾಗವೇಣಿ ಗಾಜು ಸರಿಸಿದಳು. ಮಂಚ, ಒಲೆ, ಪಾತ್ರೆಗಳನ್ನೆಲ್ಲ ಜೋಡಿಸಿದ ಆ ಹಳೆಯ ವ್ಯಾನನ್ನು ಗಂಡ ನಿವೃತ್ತಿಯಾದ ವರ್ಷ ಕೊಂಡಿದ್ದ, ಅವಳಿಗೆ ಊರೂರು ತೋರಿಸುತ್ತೇನೆಂದು. ತೋರಿಸಿದ್ದೂ ನಿಜ, ಗಾಜಿನ ಆಚೆಗೆ. ಭಾರ ಹಿಂದಿದ್ದರೆ ಗಾಡಿ ಸಮ ಓಡುತ್ತದೆಂದು ಅವಳನ್ನು ಹಿಂದೆಯೇ ಕೂರಿಸುತ್ತಿದ್ದ. ಇಳಿಜಾರು ಬಂದರೆ ನ್ಯೂಟ್ರಲ್. ಬ್ರೇಕ್ ಒತ್ತಬೇಕಾಗಿ ಬಂದರೆ ಹಲ್ಲು ಕಚ್ಚುತ್ತಿದ್ದ. ಟಾಪ್ ಗೇರಿಗೆ ಬಿದ್ದ ಗಾಡಿಯನ್ನಂತೂ ನಿಲ್ಲಿಸುತ್ತಲೇ ಇರಲಿಲ್ಲ. ಅದಕ್ಕೇ ಗಾಡಿ ಹೊರಟ ದಿನಗಳಲ್ಲೆಲ್ಲ ಅವಳು ನೀರು ಕುಡಿಯುವುದನ್ನೇ ಬಿಟ್ಟಿದ್ದಳು.

ಬೆಳಿಗ್ಗೆ ಸಿಂಧನೂರಿನ ಡಾಕ್ಟರಮ್ಮ ಗದರಿದ್ದರು: "ಉರಿಮೂತ್ರ ಬರ್ಲಾರ್ದ ಏನ್ ಮಾಡೀತು? ನೀರ ಕುಡಿಯಂಗಿಲ್ಲಲ್ಲ ನೀವು! ಹಿಂಗಾದ್ರ ಕಿಡ್ನಿಗೆ ಬರತೈತಿ." ಮೈಲೇಜಿನ ಮಾತನ್ನು ಡಾಕ್ಟರಿಗೆ ಹೇಗೆ ಹೇಳುವುದು?

ಮಸ್ಕಿಯ ಗುಡ್ಡ ಕಂಡಿತು. ಕಿಬ್ಬೊಟ್ಟೆ ಸುಡುತ್ತಿತ್ತು.

"ರೀ, ಇಲ್ಲಿ ಒಂಚೂರು ನಿಲ್ಲಸ್ರಿ. ತಡ್ಯಾಕ ಆಗವಲ್ದು."

"ಈಗರ ಓಟ ಹಿಡದೈತಿ. ಲಿಂಗಸೂಗೂರಿಗೆ ಹೋಗೇ ಬಿಡೂಣು, ಗಟ್ಟಿ ಹಿಡ್ಕೋ."

ಅವಳು ಪಕ್ಕದ ಬಾಗಿಲಿನ ಹಿಡಿಕೆಯನ್ನು ಹಿಡಿದುಕೊಂಡಳು. ಅದು ಒಳಗಿನಿಂದ ತೆರೆಯುವುದು ನಿಂತು ವರ್ಷವಾಗಿತ್ತು.

ಊರ ನಡುವೆ ಗ್ಯಾರೇಜಿನ ಹುಸೇನಬಾಷಾ ಕೈಬೀಸಿದ. ವ್ಯಾನಿಗೆ ಮಂಚ ಕೂಡಿಸಿದವನು ಅವನೇ. ಪಂಪಾಪತಿ ತಟ್ಟನೆ ನಿಲ್ಲಿಸಿದ. ಆರಿಸಿ ಮತ್ತೆ ಎಬ್ಬಿಸಿದರೆ ಡೀಸೆಲ್ ಹೋಗುತ್ತದೆಂದು ಎಂಜಿನ್ ಹಾಗೇ ಬಿಟ್ಟು ಇಳಿದ.

"ಏನ್ರಿ ಸಾವ್ಕಾರ್ರ, ಲೀಟರಿಗೆ ಎಷ್ಟ್ ಕೊಡಾಕತ್ತಾಳ ನಿಮ್ಮ ಮುದುಕಿ?"

"ಹರೇದಾಕಿ ಆಗ್ಯಾಳಲೇ! ಕಾಲು ಹಗೂರ ಇಡಬೇಕು ನೋಡು, ಹೂವಿನ ಮ್ಯಾಲ ಇಟ್ಟಂಗ..."

ನಾಗವೇಣಿ ಗಾಜು ಬಡಿದಳು. "ಹುಸೇನಣ್ಣ, ಬಾಗಲಾ ತೆಗಿ."

ಅವನು ಎಳೆದ. ಅವಳು ಯಾರ ಮುಖವನ್ನೂ ನೋಡದೆ ಎದುರಿನ ಖಾನಾವಳಿಯ ಹಿತ್ತಿಲಿಗೆ ನಡೆದಳು.

ಹಿಂದಿರುಗುವಾಗ ಹಾರ್ನ್ ಬಡಿದುಕೊಳ್ಳುತ್ತಿತ್ತು. "ಏ, ಲಗೂನ ಬಾರಬೇ! ಎಣ್ಣಿ ಸುಮ್ನ ಉರಿಯಾಕತ್ತೈತಿ!"

ಖಾನಾವಳಿಯ ಗಾಳೆಮ್ಮ ನೀರಿನ ಗಡಿಗೆಯ ಪಕ್ಕ ರೊಟ್ಟಿ ಬಡಿಯುತ್ತಿದ್ದಳು. ನಾಗವೇಣಿ ಒಂದು ತಂಬಿಗೆ ನೀರು ಕೇಳಿ ಇಸಿದುಕೊಂಡು ನಿಂತೇ ಕುಡಿದಳು. ತಂಪು ಎದೆಯವರೆಗೆ ಇಳಿಯಿತು.

"ಇನ್ನೊಂದು ಕೊಡಬೇ, ಯವ್ವಾ."

"ಕುಂತು ಕುಡಿಯವ್ವಾ, ನೆತ್ತಿಗೆ ಹತ್ತೀತು. ನಿಮ್ಮ ಯಜಮಾನ್ರು ಒದರಾಕತ್ತಾರಲ್ಲ?"

ನಾಗವೇಣಿ ಬೆಂಚಿನ ಮೇಲೆ ಕುಳಿತಳು. ಆಚೆ ಬಿಸಿಲಿನಲ್ಲಿ ವ್ಯಾನು ನಿಂತಲ್ಲೇ ನಡುಗುತ್ತ ಹೊಗೆ ಬಿಡುತ್ತಿತ್ತು. ಅವಳು ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎತ್ತಿದಳು.